ಹೊಡೆದಾಟವನ್ನು ಕೈಯಿಂದ ಮುಚ್ಚಿ ನೋಡಿ: ಹಳೆಯ ರೋಬೋ ಧಾರಾವಾಹಿಯ ಕಥೆ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ 1979ರ ಜಪಾನಿ ಕಾರ್ಟೂನ್ ಧಾರಾವಾಹಿ ‘ಮೊಬೈಲ್ ಸೂಟ್ ಗಂಡಮ್’ ಕುರಿತು ಲೇಖನ ಬಂದ ಮೇಲೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಲೇಖನ ಓದದವರಿಗಾಗಿ ಕಥೆಯ ಎಳೆ ಇಷ್ಟು: ಭೂಮಿಯ ಫೆಡರೇಶನ್‌ಗೂ ಬಾಹ್ಯಾಕಾಶದ ವಸಾಹತು ರಾಜ್ಯ ಜಿಯಾನ್‌ಗೂ ಯುದ್ಧ. 15 ವರ್ಷದ ಅಮುರೊ ರೇ ಅನ್ನುವ ಹುಡುಗ 18 ಮೀಟರ್ ಎತ್ತರದ ಗಂಡಮ್ ಎಂಬ ಯಂತ್ರದೊಳಗೆ ಕೂರಬೇಕಾಗುತ್ತದೆ. ನಿರಾಶ್ರಿತರನ್ನು ತುಂಬಿಕೊಂಡ ವೈಟ್ ಬೇಸ್ ಹಡಗು ಓಡುತ್ತಲೇ ಇರುತ್ತದೆ, ಮುಖವಾಡ ತೊಟ್ಟ ಜಿಯಾನ್ ಸೇನಾಧಿಕಾರಿ ಶಾರ್ ಬೆನ್ನಟ್ಟುತ್ತಾನೆ. ನಿರ್ದೇಶಕರು ಯೊಶಿಯುಕಿ ತೊಮಿನೊ, ಒಟ್ಟು 43 ಕಂತು.

ಪ್ರಶ್ನೆ: ಐದು ಕಂತು ನೋಡಿದೆ. ವೈರಿ ಬರ್ತಾನೆ, ರೋಬೋ ಹೊಡೆಯುತ್ತೆ, ಮುಗೀತು. ಇದನ್ನು ಒಳ್ಳೆಯ ಕಥೆ ಅಂತ ಯಾಕೆ ಹೊಗಳ್ತೀರಿ? ‘ಎಲ್ಲಾ ಒಂದೇ ಥರ’ ಅಂತ ಬರೆದರೆ ವಿಮರ್ಶೆ ಆಗಲ್ಲವಾ?
— ಕಾಲೇಜು ವಿದ್ಯಾರ್ಥಿ, ಶಿರಾ

ಉತ್ತರ: ಅರ್ಧ ಆಗುತ್ತದೆ. ಆ ‘ಒಂದೇ ಥರ’ ಯಾರಿಗೆ ಬೇಕಾಗಿತ್ತು ಅನ್ನುವುದನ್ನು ಕೇಳಿದರೆ ಉಳಿದರ್ಧ ಸಿಗುತ್ತದೆ. ಈ ಧಾರಾವಾಹಿ ನಗೋಯಾ ಟಿವಿಯಲ್ಲಿ 1979ರ ಏಪ್ರಿಲ್ 7ರಿಂದ ಶನಿವಾರ ಸಂಜೆ ಐದೂವರೆಗೆ ಬರುತ್ತಿತ್ತು. ದುಡ್ಡು ಹಾಕಿದ್ದು ಕ್ಲೋವರ್ ಎಂಬ ಆಟಿಕೆ ಕಂಪನಿ. ಆಟಿಕೆ ಮಾರಬೇಕಾದರೆ ರೋಬೋ ವಾರವಾರವೂ ಪರದೆ ಮೇಲೆ ಬರಬೇಕು, ಕಾದಬೇಕು. ಗಂಡಮ್‌ನ ಕೆಂಪು, ನೀಲಿ, ಹಳದಿ ಅಷ್ಟು ಢಾಳಾಗಿರುವುದಕ್ಕೂ, ಅದು ಮೂರು ಭಾಗವಾಗಿ ಬಿಚ್ಚಿ ಸೇರುವುದಕ್ಕೂ ಇದೇ ಕಾರಣ.

ನಿಮ್ಮ ಕಡೆ ಊರಹಬ್ಬದ ಕುರುಕ್ಷೇತ್ರ ನಾಟಕ ನೋಡಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಪಾತ್ರಕ್ಕೆ ಹೆಚ್ಚು ದುಡ್ಡು ಕಟ್ಟಿದವರಿಗೆ ಹಾರ್ಮೋನಿಯಂ ಮಾಸ್ಟರು ಎರಡು ಹಾಡು ಹೆಚ್ಚು ಕೊಡಲೇಬೇಕು. ಆ ಹಾಡು ಇದೆ ಅಂತ ನಾಟಕವನ್ನು ಯಾರೂ ಹಳಿಯುವುದಿಲ್ಲ. ಆ ಹಾಡನ್ನು ಎಲ್ಲಿ ಕೂರಿಸಿದರು, ಅದರಿಂದ ದುರ್ಯೋಧನನ ಛಲ ಏರಿತೋ ಇಳಿಯಿತೋ ಅಂತ ನೋಡುತ್ತಾರೆ. ರೋಬೋ ಕಾಳಗವನ್ನೂ ಹಾಗೆಯೇ ನೋಡಿ.

ಒಂದು ಪರೀಕ್ಷೆ ಹೇಳುತ್ತೇವೆ. ಕಂತಿನಲ್ಲಿ ಹೊಡೆದಾಟ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗುರುತು ಮಾಡಿಕೊಂಡು, ಅಷ್ಟನ್ನು ಕೈಯಿಂದ ಮುಚ್ಚಿದ ಹಾಗೆ ಬಿಟ್ಟುಬಿಡಿ. ಹೊಡೆದಾಟಕ್ಕೆ ಮುಂಚೆ ಇದ್ದದ್ದರಲ್ಲಿ ಯಾವುದು ಇನ್ನು ಹಳೆಯ ಸ್ಥಿತಿಗೆ ಬರಲಾರದು? ಏನೂ ಇಲ್ಲ ಅಂದರೆ ಆ ಕಾಳಗ ಬರೀ ಜಾಹೀರಾತು. ಮೊದಲ ಕಂತನ್ನೇ ತೆಗೆದುಕೊಳ್ಳಿ. ಬೇಹು ನೋಡಿಬಾ ಅಂತಷ್ಟೇ ಶಾರ್ ಕಳಿಸಿದ ಜಾಕು ಯಂತ್ರಗಳಲ್ಲಿ ಒಂದರ ಸೈನಿಕ ಹೆಸರು ಮಾಡುವ ಆಸೆಗೆ ಬಿದ್ದು, ಮೇಲಿನವನ ಮಾತು ಮೀರಿ ಗುಂಡು ಹಾರಿಸುತ್ತಾನೆ. ಅಮುರೊ ಕೈಪಿಡಿ ಓದುತ್ತಲೇ ಗಂಡಮ್ ನಡೆಸಿ ಮೊದಲ ಜಾಕುವನ್ನು ಕತ್ತರಿಸುತ್ತಾನೆ. ಅದು ಸಿಡಿದ ರಭಸಕ್ಕೆ ವಸಾಹತಿನ ಗೋಡೆ ತೂತಾಗಿ, ಅವನ ತಂದೆ ಟೆಮ್ ರೇ ಹೊರಗಿನ ಶೂನ್ಯಕ್ಕೆ ಸೆಳೆದುಹೋಗುತ್ತಾನೆ. ಹಾಗಾಗಿ ಎರಡನೆಯ ಜಾಕುವನ್ನು ಸಿಡಿಸುವ ಹಾಗಿಲ್ಲ, ಚಾಲಕ ಕೂತ ಜಾಗಕ್ಕೇ ಚುಚ್ಚಬೇಕು. ಹುಡುಗ ಮೊದಲ ದಿನವೇ, ಯಂತ್ರವನ್ನು ಉಳಿಸಿ ಒಳಗಿನ ಮನುಷ್ಯನನ್ನು ಕೊಲ್ಲುವುದನ್ನು ಕಲಿಯುತ್ತಾನೆ.

ಆ ತೂತು ಅಲ್ಲಿಗೆ ಮುಚ್ಚುವುದಿಲ್ಲ. 33ನೇ ಕಂತಿನಲ್ಲಿ ತಂದೆ ಬದುಕಿ ಸಿಗುತ್ತಾನೆ, ಆದರೆ ಆಮ್ಲಜನಕವಿಲ್ಲದೆ ಮಿದುಳು ಕೆಟ್ಟಿರುತ್ತದೆ. ಗಂಡಮ್‌ಗೆ ಹಾಕು, ಬಲ ಬರುತ್ತದೆ ಅಂತ ಮಗನ ಕೈಗೆ ಓಬೀರಾಯನ ಕಾಲದ ಬಿಡಿಭಾಗವೊಂದನ್ನು ಕೊಡುತ್ತಾನೆ. ಮಗ ಹೊರಗೆ ಬಂದು ಅದನ್ನು ನೆಲಕ್ಕೆ ಎಸೆಯುತ್ತಾನೆ. ಒಂದು ಹೊಡೆತದ ಫಲ 32 ಕಂತು ಕಾದು ಬಂತು. ಐದು ಕಂತಿಗೆ ನಿಲ್ಲಿಸಿದರೆ ಇದು ಕಾಣದು.

ಪ್ರಶ್ನೆ: ಒಂಬತ್ತನೇ ತರಗತಿ ಮಕ್ಕಳಿಂದ ಈ ಧಾರಾವಾಹಿಯ ವಿಮರ್ಶೆ ಬರೆಸುವ ಮನಸ್ಸಿದೆ. ಬರೆಯಿರಿ ಅಂದರೆ ಕಥೆಯನ್ನೇ ಮತ್ತೆ ಹೇಳಿಬಿಡುತ್ತಾರೆ. ಹಂತ ಹಂತವಾಗಿ ಹೇಗೆ ಮಾಡಿಸುವುದು?
— ಕನ್ನಡ ಶಿಕ್ಷಕಿ, ಗೌರಿಬಿದನೂರು

ಉತ್ತರ: ಮೇಡಂ, 43 ಕಂತೂ ಬೇಡ. 1, 9, 13, 14, 19 ಈ ಐದು ಸಾಕು. ಒಂದೊಂದು ಸುಮಾರು 24 ನಿಮಿಷ, ಅಂದರೆ ಒಟ್ಟು ಎರಡು ಗಂಟೆ. 40 ನಿಮಿಷದ ಒಂದು ಪೀರಿಯಡ್‌ಗೆ ಒಂದು ಕಂತು, ಉಳಿದ 16 ನಿಮಿಷ ಮಾತಿಗೆ. 13ರಲ್ಲಿ ಹುಡುಗ ಮನುಷ್ಯರ ಮೇಲೆ ಗುಂಡು ಹಾರಿಸುವ ದೃಶ್ಯವಿದೆ, ನೀವು ಮೊದಲೇ ಒಮ್ಮೆ ನೋಡಿಕೊಂಡಿರಿ.

ನೋಟ್‌ಬುಕ್ಕನ್ನು ಅಡ್ಡ ಹಿಡಿಸಿ ಐದು ಕಾಲಂ ಗೆರೆ ಹಾಕಿಸಿ: ಎಷ್ಟನೇ ನಿಮಿಷ, ಯಾರಿಗೆ ಏನು ಬೇಕು, ಅಡ್ಡಿ ಯಾವುದು, ಏನು ಮಾಡಿದರು, ಏನು ಬದಲಾಯಿತು. ಕಂತಿಗೆ ಎಂಟು ಸಾಲಿಗಿಂತ ಹೆಚ್ಚು ಬರೆಯಕೂಡದು ಅಂತ ಕಟ್ಟುಮಾಡಿ. ಎಂಟೇ ಸಾಲು ಅಂದಾಗ ಮಗು ಯಾವುದು ಮುಖ್ಯ, ಯಾವುದು ಅಲ್ಲ ಅಂತ ಆರಿಸಲೇಬೇಕು. ಆ ಆರಿಸುವಿಕೆಯಲ್ಲೇ ವಿಮರ್ಶೆ ಶುರುವಾಗಿರುತ್ತದೆ. ಕಂತಿನ ನಡುವೆ ಜಾಹೀರಾತು ವಿರಾಮದ ಚಿತ್ರ ಬಂದು ಹೋಗುತ್ತದಲ್ಲ, ಅಲ್ಲಿ ನಿಲ್ಲಿಸಿ, ಮುಂದೇನಾಗಬಹುದು ಅಂತ ಒಂದು ವಾಕ್ಯ ಬರೆಸಿ. ಕೊನೆಗೆ ಆ ಊಹೆ ತಪ್ಪಾದರೆ, ಕಥೆ ಮೋಸ ಮಾಡಿತೋ ಇಲ್ಲ ನಾವು ಗಮನಿಸದ ಸುಳಿವು ಮುಂಚೆಯೇ ಇತ್ತೋ ಅಂತ ಹಿಂದಕ್ಕೆ ಹೋಗಿ ಹುಡುಕಿಸಿ. ಮಕ್ಕಳು ಇದನ್ನು ಆಟದ ಹಾಗೆ ಮಾಡುತ್ತಾರೆ.

ಕಥೆಯನ್ನೇ ಮರುಹೇಳುವ ಚಾಳಿಗೆ ಕಾರಣ ‘ಆಮೇಲೆ’ ಅನ್ನುವ ಪದ. ಬರವಣಿಗೆಯಲ್ಲಿ ‘ಆಮೇಲೆ’, ‘ನಂತರ’ ಎರಡನ್ನೂ ನಿಷೇಧಿಸಿ. ‘ಆದ್ದರಿಂದ’, ‘ಆದರೂ’, ‘ಇಲ್ಲದಿದ್ದರೆ’ ಬಳಸಬಹುದು. ‘ಚೆನ್ನಾಗಿದೆ’ ಅಂದವರು ಎಷ್ಟನೇ ನಿಮಿಷದಲ್ಲಿ ಅಂತ ಬರೆಯಲೇಬೇಕು. 200 ಪದ, ಅದರಲ್ಲಿ ಕನಿಷ್ಠ ಎರಡು ಕಡೆ ನಿಮಿಷದ ಲೆಕ್ಕ. ಇಷ್ಟಾದ ಮೇಲೂ ಗಂಡು ಹುಡುಗರಲ್ಲಿ ಕೆಲವರು ಆಯುಧಗಳ ಪಟ್ಟಿ ಬರೆದು ತರುತ್ತಾರೆ. ಬಯ್ಯಬೇಡಿ, ಆ ಆಯುಧ ಇರದಿದ್ದರೆ ಕಥೆ ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿ.

14ನೇ ಕಂತನ್ನು ಸೇರಿಸಿರುವುದು ಒಂದು ಉದ್ದೇಶಕ್ಕೆ. ಅದರಲ್ಲಿ ದೊಡ್ಡ ಖಳನೇ ಇಲ್ಲ. ಗಂಡಮ್ ಅನ್ನು ಮುಗಿಸಿದರೆ ಊರಿಗೆ ಹೋಗಬಹುದು ಅಂದುಕೊಂಡ ಕೆಳದರ್ಜೆಯ ಜಿಯಾನ್ ಸೈನಿಕರು ಹಾರುವ ಪುಟ್ಟ ಗಾಡಿಗಳಲ್ಲಿ ಬಂದು ರೋಬೋ ಮೈಗೆ ಬಾಂಬು ಅಂಟಿಸುತ್ತಾರೆ. ಅಮುರೊ ಒಬ್ಬನೇ ಹತ್ತಿ ಒಂದೊಂದನ್ನೇ ಕೈಯಾರೆ ಕೀಳುತ್ತಾನೆ. ಕೊನೆಯಲ್ಲಿ ಆ ಸೈನಿಕರು ಊರಿನವರ ವೇಷದಲ್ಲಿ ಬಂದು, ತಮ್ಮ ಬಾಂಬನ್ನು ತೆಗೆದವನು ಯಾರು ಅಂತ ನೋಡಿ, ಒಳ್ಳೆಯ ಮಾತಾಡಿ ಹೋಗುತ್ತಾರೆ. ಈ ಕಂತನ್ನು ಅರ್ಧ ತರಗತಿ ಅಮುರೊ ಕಡೆಯಿಂದ, ಇನ್ನರ್ಧ ಸೈನಿಕರ ಕಡೆಯಿಂದ ಬರೆಯಲಿ. ಎರಡೂ ಕಡೆ ಕಾಲಂ ತುಂಬಿದರೆ ಕಥೆ ಇಬ್ಬರಿಗೂ ನ್ಯಾಯ ಮಾಡಿದೆ ಅಂತ ಅರ್ಥ.

ಪ್ರಶ್ನೆ: ಚಿತ್ರಗಳು ತೀರಾ ಒರಟು. ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಇದನ್ನು ಕಥೆಯ ದೋಷವೆಂದೇ ಎಣಿಸಬೇಕೆ?
— ಓದುಗರು, ಚಿಂತಾಮಣಿ

ಉತ್ತರ: ಬೇಡ, ಬೇರೆ ಪುಟದಲ್ಲಿ ಬರೆದುಕೊಳ್ಳಿ. ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ಟಿವಿ ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಮೂರು ಚೌಕಟ್ಟಿಗೆ ನಿಲ್ಲಿಸುತ್ತಾರೆ, ಸೆಕೆಂಡಿಗೆ ಎಂಟೇ ಚಿತ್ರ. ಅದೂ ಸಾಲದೆ ರೋಬೋ ಹೊರಡುವುದು, ಭಾಗ ಸೇರುವುದು ಇಂಥ ತುಣುಕುಗಳನ್ನು ಒಮ್ಮೆ ಬರೆದಿಟ್ಟು ವಾರವಾರವೂ ಬಳಸುತ್ತಾರೆ. ಅದಕ್ಕೆ ಅಲ್ಲಿಯವರು ‘ಬ್ಯಾಂಕ್’ ಅನ್ನುತ್ತಾರೆ. ಅದು ಜೇಬಿನ ಮಾತು. ಕಥೆಯ ಬಿಗಿ ಏರಿರುವಾಗ ಈ ತುಣುಕು ನಡುವೆ ನುಗ್ಗಿ ಅದನ್ನು ಕೆಡಿಸಿದರೆ ಮಾತ್ರ ಕಥೆಯ ಲೆಕ್ಕಕ್ಕೆ ಬರೆಯಿರಿ.

15ನೇ ಕಂತು, ‘ಕುಕುರುಸ್ ದೋವಾನ್‌ನ ದ್ವೀಪ’, ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಜಾಕುವಿನ ಮುಖ ನೋಡುವ ಹಾಗಿಲ್ಲ. ಆ ಕಂತನ್ನು ಹೊರದೇಶದ ಬಿಡುಗಡೆಯಲ್ಲಿ ಸೇರಿಸಬೇಡಿ ಅಂತ ತೊಮಿನೊ ಅವರೇ ಕೇಳಿಕೊಂಡಿದ್ದರು. ಕಥೆ ಮಾತ್ರ ಗಟ್ಟಿ: ಸೈನ್ಯ ಬಿಟ್ಟು ಓಡಿಬಂದವನೊಬ್ಬ ಅನಾಥ ಮಕ್ಕಳನ್ನು ಸಾಕುತ್ತಾನೆ, ಆಯುಧವಿಲ್ಲದ ಜಾಕುವಿನಿಂದ ಬಂಡೆ ಎಸೆದು ಅವರನ್ನು ಕಾಯುತ್ತಾನೆ. ನಿಮ್ಮ ಮೈಗೆ ಅಂಟಿದ ಯುದ್ಧದ ವಾಸನೆಯೇ ವೈರಿಗಳನ್ನು ಕರೆತರುತ್ತಿದೆ ಅಂತ ಹೇಳಿ ಅಮುರೊ ಕೊನೆಗೆ ಆ ಜಾಕುವನ್ನು ಸಮುದ್ರಕ್ಕೆ ಎಸೆಯುತ್ತಾನೆ. ಧಾರಾವಾಹಿಯ ಪಾತ್ರಗಳಿಗೆ ರೂಪ ಕೊಟ್ಟ ಯೊಶಿಕಾಜು ಯಾಸುಹಿಕೊ ಅವರು 2022ರಲ್ಲಿ ಇದೊಂದೇ ಕಂತನ್ನು ಪೂರ್ತಿ ಸಿನಿಮಾ ಮಾಡಿದರು.

ಪ್ರಶ್ನೆ: ನಮ್ಮ ಮನೆಮಾತು ತೆಲುಗು, ಓದಿದ್ದು ಕನ್ನಡ, ಸಬ್‌ಟೈಟಲ್ ಇಂಗ್ಲಿಷು. ಜಪಾನಿ ಮಾತಿನ ಸೊಗಸು ಅರ್ಥವಾಗದೆ ವಿಮರ್ಶೆ ಬರೆಯುವುದು ತಪ್ಪಲ್ಲವೇ?
— ಓದುಗರು, ಮುಳಬಾಗಿಲು

ಉತ್ತರ: ತಪ್ಪಲ್ಲ. ಇಂಗ್ಲಿಷಿನವರಿಗಿಂತ ನಿಮಗೊಂದು ಅನುಕೂಲವೂ ಇದೆ. ಜಪಾನಿಯಲ್ಲೂ ಅಣ್ಣ, ಅಕ್ಕ ಅಂತ ಸಂಬಂಧ ಹಿಡಿದು ಕರೆಯುತ್ತಾರೆ, ಮರ್ಯಾದೆಯ ಮಾತು ಬೇರೆ, ಸಲಿಗೆಯದು ಬೇರೆ. ಇಂಗ್ಲಿಷಿನಲ್ಲಿ ಇವೆಲ್ಲ ಬರೀ ಹೆಸರಾಗಿಯೋ ‘ಯೂ’ ಆಗಿಯೋ ಇಳಿದುಬಿಡುತ್ತವೆ.

ಕಿವಿಗೊಟ್ಟು ಕೇಳಬೇಕಾದ ಎರಡು ಪದ ಹೇಳುತ್ತೇವೆ. ವೈಟ್ ಬೇಸ್ ಹಡಗಿನಲ್ಲಿ ದುಡಿಯುವ ತಂಗಿ ಸೇಲಾ ಶಾರ್‌ನನ್ನು ‘ನೀಸಾನ್’ ಅನ್ನುತ್ತಾಳೆ. ಅದು ‘ಅಣ್ಣ’. ಪ್ರಪಂಚಕ್ಕೆಲ್ಲ ಶಾರ್ ಆದವನು ಆ ಒಂದು ಪದ ಬಿದ್ದ ಕ್ಷಣ ಕಾಸ್ವಾಲ್ ಎಂಬ ಹಳೆಯ ಹುಡುಗನಾಗುತ್ತಾನೆ. ಎರಡನೆಯದು 42ನೇ ಕಂತಿನಲ್ಲಿ. ಜಿಯಾನ್ ಆಳುವ ಜಾಬಿ ಮನೆತನದ ಹಿರಿಯ ಮಗ ಗಿರೆನ್ ತಂದೆಯನ್ನೇ ಕೊಲ್ಲಿಸಿರುತ್ತಾನೆ. ತಂಗಿ ಕಿಸಿಲಿಯಾ ಅವನಿಗೆ ಪಿಸ್ತೂಲು ಹಿಡಿದಾಗಲೂ ‘ಅನಿಉಎ’ ಅನ್ನುತ್ತಾಳೆ, ಅಂದರೆ ದೊಡ್ಡ ಮನೆತನದವರು ಅಣ್ಣನಿಗೆ ಬಳಸುವ ಮರ್ಯಾದೆಯ ಮಾತು. ‘ಅಣ್ಣನವರು ಇಷ್ಟು ಮೆತ್ತಗೆ ಅಂದುಕೊಂಡಿರಲಿಲ್ಲ’ ಅನ್ನುವ ಧಾಟಿ. ಮರ್ಯಾದೆ ಬಿಡದೆ ಕೊಲ್ಲುತ್ತಾಳೆ. ಬರೀ ಸಬ್‌ಟೈಟಲ್ ಓದಿದವರಿಗೆ ಅಲ್ಲಿ ಕಾಣುವುದು ಕೊಲೆ ಮಾತ್ರ, ಆ ಮನೆಯ ವಾತಾವರಣವಲ್ಲ.

ಬರೆಯುವಾಗ ಸಂಭಾಷಣೆಯನ್ನು ಇಂಗ್ಲಿಷಿನಿಂದ ಪದಕ್ಕೆ ಪದ ತರಬೇಡಿ. ಯಾರು ಯಾರಿಗೆ ನೀನು ಅಂದಾರು, ಯಾರಿಗೆ ನೀವು ಅಂದಾರು ಅಂತ ಮೊದಲು ನಿರ್ಧರಿಸಿ. 15ರ ಅಮುರೊ 19ರ ಕ್ಯಾಪ್ಟನ್ ಬ್ರೈಟ್‌ಗೆ ಎಲ್ಲಿ ‘ನೀವು’ ಬಿಟ್ಟುಬಿಡುತ್ತಾನೆ ಅನ್ನಿಸುತ್ತದೋ ಅಲ್ಲಿ ಜಗಳ ಶುರುವಾಗಿರುತ್ತದೆ.

ಪ್ರಶ್ನೆ: ನಾಯಕ ಅಳುತ್ತಾನೆ, ಯುದ್ಧಕ್ಕೆ ಬರಲ್ಲ ಅಂತ ಮಲಗುತ್ತಾನೆ. ಇವನಿಗಿಂತ ಇನ್ನೊಂದು ರೋಬೋ ಧಾರಾವಾಹಿ ಮಜಿಂಗರ್ ಝಡ್‌ನ ಕೋಜಿ ವಾಸಿ. ಅರ್ಜುನ ಕೂಡ ಬಿಲ್ಲು ಕೆಳಗಿಟ್ಟ ಅಂತ ಗೆಳೆಯರು ವಾದಿಸುತ್ತಾರೆ. ಸರಿಯೇ?
— ಓದುಗರು, ತಿಪಟೂರು

ಉತ್ತರ: ಅರ್ಜುನನ ಹೋಲಿಕೆ ಅಷ್ಟು ಸರಿಹೋಗುವುದಿಲ್ಲ. ಅರ್ಜುನ ಯುದ್ಧ ಕಲಿತವನು, ಯುದ್ಧಕ್ಕೆ ಬಂದವನು, ಪಕ್ಕದಲ್ಲಿ ಕೃಷ್ಣನಿದ್ದ. ಅಮುರೊ ಯಂತ್ರ ರಿಪೇರಿಯ ಹುಚ್ಚಿನ ಹುಡುಗ. ಒಂಬತ್ತನೇ ಕಂತಿನಲ್ಲಿ ಅವನು ಇನ್ನಾಗದು ಅಂದಾಗ ಎದುರಿಗಿರುವ ಬ್ರೈಟ್ ನೋವಾ, ಹಿರಿಯರೆಲ್ಲ ಸತ್ತದ್ದರಿಂದ ಕ್ಯಾಪ್ಟನ್ ಆದವನು. ಅವನ ಹತ್ತಿರ ಉಪದೇಶವಿಲ್ಲ. ಎರಡು ಏಟು ಕೊಡುತ್ತಾನೆ. ‘ಎರಡು ಸಲ ಹೊಡೆದೆ! ನನ್ನಪ್ಪನೂ ಹೊಡೆದಿರಲಿಲ್ಲ’ ಅಂತ ಹುಡುಗ ಕೂಗುತ್ತಾನೆ. ಆ ಅಪ್ಪ ಮೊದಲ ಕಂತಿನಲ್ಲಿ ಎಲ್ಲಿ ಹೋದ ಅನ್ನುವುದು ನೆನಪಿದ್ದರೆ ಈ ಮಾತು ಮುದ್ದು ಮಗನ ಹಟವಾಗಿ ಕೇಳಿಸುವುದಿಲ್ಲ. ಅವನನ್ನು ಎಬ್ಬಿಸುವುದು ಏಟೂ ಅಲ್ಲ. ಹಾಗಾದರೆ ನಾನೇ ಕೂರುತ್ತೇನೆ ಅಂತ ಕೈಪಿಡಿ ಎತ್ತಿಕೊಂಡ ಪಕ್ಕದ ಮನೆ ಹುಡುಗಿ ಫ್ರಾ ಬೋ.

13ನೇ ಕಂತು ಇನ್ನೂ ಕಠಿಣ. ಅಮುರೊ ಬಹುಕಾಲದ ಮೇಲೆ ತಾಯಿಯನ್ನು ನೋಡಲು ನಿರಾಶ್ರಿತರ ಶಿಬಿರಕ್ಕೆ ಬರುತ್ತಾನೆ. ವೈರಿ ಸೈನಿಕರು ತಪಾಸಣೆಗೆ ಬಂದಾಗ ತಾಯಿ ಮಗನನ್ನು ಹಾಸಿಗೆಯಲ್ಲಿ ಅಡಗಿಸುತ್ತಾಳೆ. ಹೊದಿಕೆಯ ಒಳಗಿಂದ ಅವನು ಗುಂಡು ಹಾರಿಸುತ್ತಾನೆ. ತಾಯಿ ಮಗ ಉಳಿದ ಅಂತ ಸಮಾಧಾನಪಡುವುದಿಲ್ಲ. ಅವರಿಗೂ ಮಕ್ಕಳಿರುತ್ತಾರೆ, ನೀನು ಹೀಗೇಕಾದೆ ಅನ್ನುತ್ತಾಳೆ. ಕೊನೆಯಲ್ಲಿ ಮಗ ಹತ್ತಿರ ಬರದೆ, ಮಿಲಿಟರಿ ಸೆಲ್ಯೂಟ್ ಹೊಡೆದು ತಿರುಗಿ ಹೋಗುತ್ತಾನೆ, ತಾಯಿ ಕುಸಿದು ಅಳುತ್ತಾಳೆ. ರೋಬೋ ಕಾರ್ಟೂನಿನಲ್ಲಿ ನಾವು ಕಂಡ ಅತ್ಯಂತ ನೋವಿನ ನಮಸ್ಕಾರ ಅದು. ಇಲ್ಲಿ ತಪ್ಪು ಯಾರದ್ದು ಅಂತ ಕಥೆ ಹೇಳುವುದಿಲ್ಲ, ಹೇಳದಿರುವುದೇ ಸರಿ.

ಕೋಜಿ ವಾಸಿ ಅನ್ನುವುದರಲ್ಲೂ ಹುರುಳಿದೆ. 1972ರ ಮಜಿಂಗರ್ ಝಡ್‌ಗೆ ಅದರ ಕರ್ತೃ ಗೋ ನಾಗಾಯ್ ತಂದ ಹೊಸತನ ದೊಡ್ಡದು. 1963ರ ಟೆತ್ಸುಜಿನ್-28ರಲ್ಲಿ ಹುಡುಗ ರಿಮೋಟು ಹಿಡಿದು ಹೊರಗೆ ನಿಂತಿರುತ್ತಿದ್ದ. ಕೋಜಿ ರೋಬೋದ ತಲೆಯೊಳಗೇ ಕೂತ. ಏಟು ಬಿದ್ದರೆ ಈಗ ಅವನಿಗೇ ಬೀಳುತ್ತದೆ. ಗಂಡಮ್‌ನ ಎಲ್ಲ ಭಯಕ್ಕೂ ಬೀಜ ಅಲ್ಲಿದೆ.

ಪ್ರಶ್ನೆ: ಹೊಗಳಿಕೆ ಸಾಕು. ಗಂಡಮ್ ಕಥೆಯ ನಿಜವಾದ ದೋಷಗಳೇನು? ಆ ಲಾಲಾ ಅನ್ನುವ ಹುಡುಗಿಗೆ ಹಣೆಯಲ್ಲಿ ಬೊಟ್ಟು ಯಾಕೆ?
— ಓದುಗರು, ಕೋಲಾರ

ಉತ್ತರ: ಒಂದಕ್ಕಿಂತ ಹೆಚ್ಚಿವೆ, ಮುಚ್ಚಿಡುವ ಅಗತ್ಯವಿಲ್ಲ.

ಶಾರ್‌ನ ಸೇಡಿನ ಎಳೆ ನಡುವೆ ತುಂಡಾಗಿದೆ. ತನ್ನ ತಂದೆಯ ಸಾವಿಗೆ ಕಾರಣರೆಂದು ಜಾಬಿ ಮನೆತನದ ಮೇಲೆ ಹಗೆ ಸಾಧಿಸುವವನು ಹತ್ತನೇ ಕಂತಿನಲ್ಲಿ ಅದೇ ಮನೆತನದ ಕಿರಿಯ ಮಗ, ತನ್ನ ಗೆಳೆಯ ಗಾರ್ಮಾನನ್ನು ಮೋಸದಿಂದ ಸಾಯಿಸುತ್ತಾನೆ. ಹನ್ನೆರಡರ ನಂತರ ಅವನು ಕಥೆಗೆ ಮರಳುವುದು 26ರಲ್ಲಿ. ಆ ಹೊತ್ತಿಗೆ ಅವನ ಮನಸ್ಸು ಬೇರೆಯಾಗಿರುತ್ತದೆ. ಕೊನೆಗೆ ಅಮುರೊ ಎದುರು, ಜಾಬಿಗಳನ್ನು ಉರುಳಿಸುವುದು ಈಗ ಜೊತೆಗೊಂದು ಕೆಲಸವಷ್ಟೇ ಅನ್ನುತ್ತಾನೆ. ಹೇಳಿದ ಸ್ವಲ್ಪ ಹೊತ್ತಿಗೇ ಹೋಗಿ ಕಿಸಿಲಿಯಾಳನ್ನು ಕೊಲ್ಲುತ್ತಾನೆ. ಮನುಷ್ಯ ಹೀಗೆ ಎರಡೆರಡು ಮನಸ್ಸಿನವನಾಗಿರಬಹುದು, ಒಪ್ಪೋಣ. ಆದರೆ ಆ ಬದಲಾವಣೆ ನಮ್ಮ ಕಣ್ಣೆದುರು ಆಗಲಿಲ್ಲ. ಅವನಿಲ್ಲದ ಜಾಗವನ್ನು ರಾಂಬಾ ರಾಲ್ ಅನ್ನುವ ಜಿಯಾನ್ ಕಡೆಯ ಹಳೆಯ ಯೋಧ ತುಂಬಿದ್ದರಿಂದ ನಮಗೆ ಕೊರತೆ ಗೊತ್ತಾಗುವುದಿಲ್ಲ ಅಷ್ಟೆ. 19ನೇ ಕಂತಿನ ಹೋಟೆಲ್ ದೃಶ್ಯ ನೋಡಿ: ರಾಲ್‌ನ ಸಂಗಾತಿ ಹಾಮೊನ್ ಈ ಅಪರಿಚಿತ ಹುಡುಗನಿಗೂ ಊಟ ಕೊಡಿಸಲು ಹೋಗುತ್ತಾಳೆ, ಅಮುರೊ ಬಿಟ್ಟಿ ಅನ್ನ ಬೇಡ ಅನ್ನುತ್ತಾನೆ. ರಾಲ್ ಅವನ ಧೈರ್ಯ ಮೆಚ್ಚುತ್ತಾನೆ, ಮೇಲುಹೊದಿಕೆಯ ಕೆಳಗೆ ಹಿಡಿದ ಪಿಸ್ತೂಲನ್ನೂ ನೋಡುತ್ತಾನೆ, ಬಿಟ್ಟುಕಳಿಸುತ್ತಾನೆ. ಇಬ್ಬರೂ ಮತ್ತೆ ಎದುರಾಗುವುದು ಯುದ್ಧದಲ್ಲಿ.

ಎರಡನೆಯದು ಕೊನೆಯ ಓಟ. 52 ಕಂತಿಗೆ ಯೋಜಿಸಿದ್ದನ್ನು ವೀಕ್ಷಕರು ಕಡಿಮೆ ಅಂತ 43ಕ್ಕೆ ನಿಲ್ಲಿಸಿದರು. ಸಾಲದ್ದಕ್ಕೆ ಕೊನೆಯ ಭಾಗದಲ್ಲಿ ಯಾಸುಹಿಕೊ ಕಾಯಿಲೆ ಬಿದ್ದರು. ಕೃಷ್ಣಸಂಧಾನದಲ್ಲೇ ರಾತ್ರಿಯೆಲ್ಲ ಕಳೆದು, ಮೂಡಣ ಕೆಂಪಾಗುತ್ತಿದ್ದಂತೆ ಗದಾಯುದ್ಧವನ್ನು ಓಡಿಸಿದ ಹಾಗಾಯಿತು. ಇದರ ಪೂರಾ ಭಾರ ಬಿದ್ದಿದ್ದು ಲಾಲಾ ಮೇಲೆ. 34ರಲ್ಲಿ ಶಾರ್ ಕಡೆಯವಳಾಗಿ ಬರುತ್ತಾಳೆ, 41ರಲ್ಲಿ ಶಾರ್‌ನನ್ನು ಉಳಿಸಲು ಅಡ್ಡ ಬಂದು ಅಮುರೊ ಹೊಡೆತಕ್ಕೆ ಸಾಯುತ್ತಾಳೆ. ಎಂಟು ಕಂತು. ಮಾತಿಲ್ಲದೆ ಮನಸ್ಸು ಮನಸ್ಸಿಗೆ ತಾಗುವ ‘ನ್ಯೂಟೈಪ್’ ಮನುಷ್ಯರೆಂಬ ಇಡೀ ಕಲ್ಪನೆ ನಿಂತಿರುವುದು ಅವಳ ಹೆಗಲ ಮೇಲೆ, ಆದರೆ ಅವಳ ಊರು, ಮನೆ, ಹಿಂದಿನ ಬದುಕು ನಮಗೆ ಹೆಚ್ಚುಕಡಿಮೆ ಏನೂ ಗೊತ್ತಾಗುವುದಿಲ್ಲ. ಕಂದು ಮೈಬಣ್ಣ, ಹಣೆಯ ಬೊಟ್ಟು ಭಾರತದ ಕಡೆ ಬೊಟ್ಟು ಮಾಡುತ್ತವೆ. ಅವು ಬದುಕಿನ ವಿವರವಾಗಿ ಬಂದಿಲ್ಲ, ಪೂರ್ವದೇಶದ ರಹಸ್ಯ ಶಕ್ತಿಯ ಗುರುತಾಗಿ ಬಂದಿವೆ. ನಮ್ಮವರು ಇದನ್ನು ನೋಡಿ ಖುಷಿಪಡುವುದರ ಜೊತೆಗೆ ಈ ಮಾತನ್ನೂ ಬರೆಯಬೇಕು. ಸಾಯುವ ಮುಂಚೆ ಅವಳು ಅಮುರೊಗೆ, ನಿನಗೆ ಕಾಯಲು ಯಾರೂ ಇಲ್ಲ, ಏನೂ ಇಲ್ಲ ಅನ್ನುತ್ತಾಳೆ. ತೂಕದ ಮಾತು. ಹೇಳಿದವಳ ಬದುಕನ್ನು ನಾವು ನೋಡಿದ್ದರೆ ಅದು ಇನ್ನೂ ತೂಗುತ್ತಿತ್ತು.

ಕಥೆಯಲ್ಲಿ ಸಾಯುವ ಹೆಣ್ಣು ಲಾಲಾ ಒಬ್ಬಳೇ ಅಲ್ಲ. ಹಾಮೊನ್ 21ರಲ್ಲಿ, ವೈಟ್ ಬೇಸ್‌ಗೆ ಸರಕು ತರುವ ಅಧಿಕಾರಿ ಮಟಿಲ್ಡಾ 24ರಲ್ಲಿ, ಮಿಹಾರು 28ರಲ್ಲಿ ಸಾಯುತ್ತಾರೆ. ಮಟಿಲ್ಡಾ ಸಾವು ಮುಖ್ಯವಾಗಿ ಅಮುರೊ ದುಃಖಕ್ಕೆಂದೇ ಇಟ್ಟದ್ದು. ಮಿಹಾರು ಹಾಗಲ್ಲ, ತಮ್ಮನ, ತಂಗಿಯ ಹೊಟ್ಟೆಗಾಗಿ ಬೇಹುಗಾರಿಕೆಗೆ ಇಳಿದವಳು, ಅವಳ ಸಾವಿಗೆ ಅವಳದೇ ಕಾರಣವಿದೆ. ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

23ರಿಂದ ಬರುವ ಜಿ-ಆರ್ಮರ್ ಎಂಬ ಹೆಚ್ಚುವರಿ ವಾಹನ ಆಟಿಕೆಗೆಂದೇ ತುರುಕಿದ್ದು. ಸಿನಿಮಾ ಮಾಡುವಾಗ ತೊಮಿನೊ ಅದನ್ನು ಕಿತ್ತುಹಾಕಿದರು.

ಕಂತು ಕಡಿತ, ಕಾಯಿಲೆ, ಆಟಿಕೆಯವರ ಕಾಟ ಇವೆಲ್ಲ ದೋಷ ಹೇಗೆ ಬಂತು ಅನ್ನುವುದಕ್ಕೆ ಉತ್ತರ. ದೋಷ ಇಲ್ಲ ಅನ್ನುವುದಕ್ಕೆ ಅಲ್ಲ. ಮೊದಲು ದೋಷವನ್ನು ಪೂರ್ತಿ ಬರೆಯಿರಿ, ಕಾರಣವನ್ನು ಅದರ ಕೆಳಗೆ ಬರೆಯಿರಿ. ಅದಲು ಬದಲಾದರೆ ಅದು ವಕಾಲತ್ತು ಆಗುತ್ತದೆ.

ಪ್ರಶ್ನೆ: ಧಾರಾವಾಹಿ ನೋಡಬೇಕೋ, ಮೂರು ಸಿನಿಮಾ ನೋಡಿದರೆ ಸಾಕೋ?
— ಓದುಗರು, ಮಧುಗಿರಿ

ಉತ್ತರ: 1981-82ರಲ್ಲಿ ಬಂದ ಮೂರು ಸಿನಿಮಾ ಸೇರಿ ಸುಮಾರು ಏಳು ಗಂಟೆ, ಧಾರಾವಾಹಿ 17 ಗಂಟೆ. ಕಥೆ ತಿಳಿಯಲು ಸಿನಿಮಾ ಸಾಕು. ಮೂರನೆಯದರಲ್ಲಿ ಹೊಸದಾಗಿ ಬರೆದ ಚಿತ್ರಗಳು ಬಹಳ ಇವೆ, ಲಾಲಾ ಭಾಗ ಅಲ್ಲೇ ಚೆನ್ನ. ಕಥನವನ್ನು ವಿಮರ್ಶೆ ಮಾಡುವವರು ಮಾತ್ರ ಧಾರಾವಾಹಿಯನ್ನೇ ನೋಡಬೇಕು, ದಿನಕ್ಕೆ ಎರಡು ಕಂತಿಗಿಂತ ಹೆಚ್ಚು ಬೇಡ. ವಾರಕ್ಕೊಂದರಂತೆ ನೋಡಲು ಕಟ್ಟಿದ್ದನ್ನು ಒಂದೇ ರಾತ್ರಿ ಹತ್ತು ನೋಡಿದರೆ, ಹಿಂದಿನದನ್ನು ನೆನಪಿಸುವ ನಿರೂಪಕನ ಮಾತು ಬರೀ ಕಿರಿಕಿರಿ ಅನ್ನಿಸುತ್ತದೆ. ಏಳು ದಿನ ಕಾದ ಮಗುವಿಗೆ ಅದು ಬೇಕಾಗಿತ್ತು. ಪ್ರತಿ ಕಂತಿನ ಕೊನೆಗೆ ‘ನೀನು ಬದುಕಿ ಉಳಿಯಬಲ್ಲೆಯಾ?’ ಅಂತ ಕೇಳುವ ಮುನ್ನೋಟವನ್ನೂ ಓಡಿಸಿಬಿಡಬೇಡಿ.

ಪ್ರಶ್ನೆ: ವೋಲ್ಟಸ್-5 ನೋಡಿ ಅತ್ತುಬಿಟ್ಟೆ. ಗಂಡಮ್‌ಗಿಂತ ಅದೇ ಒಳ್ಳೆಯ ಕಥೆ ಅಂದರೆ ಒಪ್ಪುತ್ತೀರಾ?
— ಗೃಹಿಣಿ, ಶಿಡ್ಲಘಟ್ಟ

ಉತ್ತರ: ಅಳಿಸುವ ಕಲೆಯಲ್ಲಿ ಅದರ ನಿರ್ದೇಶಕ ತಾದಾವೊ ನಾಗಾಹಾಮಾ ಅವರನ್ನು ಮೀರಿಸಿದವರು ಕಡಿಮೆ. 1977ರ ಆ 40 ಕಂತುಗಳಲ್ಲಿ ಕೊಂಬಿದ್ದವರು ಕುಲೀನರು, ಕೊಂಬಿಲ್ಲದವರು ಗುಲಾಮರು. ವೈರಿ ರಾಜಕುಮಾರ ಹೈನೆಲ್ ನಾಯಕರಿಗೆ ಅಣ್ಣ, ತಂದೆ ಒಬ್ಬನೇ, ತಾಯಿ ಬೇರೆ. ಫಿಲಿಪ್ಪೀನ್ಸ್‌ನಲ್ಲಿ ಮುಗಿಯಲು ಕೆಲವೇ ಕಂತು ಉಳಿದಿದ್ದಾಗ, 1979ರಲ್ಲಿ, ಮಾರ್ಕೋಸ್ ಸರ್ಕಾರ ಅದನ್ನು ನಿಲ್ಲಿಸಿತು. 1986ರಲ್ಲಿ ಮಾರ್ಕೋಸ್ ಹೋದ ಮೇಲಷ್ಟೇ ಅಲ್ಲಿಯವರು ಉಳಿದದ್ದನ್ನು ನೋಡಿದರು. ಕಥೆಗೆ ಕಾವು ಇಲ್ಲದಿದ್ದರೆ ಇಷ್ಟು ವರ್ಷ ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ.

ಆದರೂ ಒಂದು ಕಡೆ ನಮಗೆ ಗಂಡಮ್ ಮೇಲು. ಹೈನೆಲ್‌ಗೆ ತಾನು ಅಣ್ಣನೆಂದು ತಿಳಿಯುವುದು ಕೊನೆಯ ಕಂತಿನಲ್ಲಿ. ತಿಳಿದು, ತಮ್ಮನನ್ನು ಉಳಿಸಿ ಸಾಯುತ್ತಾನೆ. ಕರ್ಣನಿಗಾದರೆ ಯುದ್ಧಕ್ಕೆ ಮೊದಲೇ ಗೊತ್ತಾಯಿತು, ಗೊತ್ತಿದ್ದೂ ಕೌರವನ ಕಡೆ ನಿಂತ. ಗಂಡಮ್‌ನಲ್ಲಿ ಅಣ್ಣ ತಂಗಿ ಮುಖಾಮುಖಿಯಾಗುವುದು ಎರಡನೇ ಕಂತಿನಲ್ಲೇ. ಉಳಿದ 41 ಕಂತು ಸೇಲಾ ಆ ಗುಟ್ಟನ್ನು ಹೊತ್ತು ಅಣ್ಣನ ವೈರಿಗಳ ಹಡಗಿನಲ್ಲಿ ದುಡಿಯುತ್ತಾಳೆ. ನಿಮ್ಮ ಕಣ್ಣೀರಿಗೆ ಇದರಿಂದ ಕುಂದೇನಿಲ್ಲ ಅಮ್ಮ. ಎರಡನ್ನೂ ನೋಡಿ, ಯಾವ ಅಣ್ಣ ಹೆಚ್ಚು ದಿನ ಕಾಡುತ್ತಾನೆ ಅಂತ ನಮಗೆ ಬರೆಯಿರಿ.

ಪ್ರಶ್ನೆ: ಕೊನೆಯ ಕಂತಿನಲ್ಲಿ ಗೆಲುವಿನ ಸಂಭ್ರಮವೇ ಇಲ್ಲ. ಇದು ಅರ್ಧಕ್ಕೆ ನಿಲ್ಲಿಸಿದ್ದರ ಪರಿಣಾಮವೇ?
— ಓದುಗರು, ಬಂಗಾರಪೇಟೆ

ಉತ್ತರ: ಅಲ್ಲ ಅಂತ ನಮ್ಮ ತೀರ್ಮಾನ. ಹಳೆಯ ರೋಬೋ ಕಥೆಗಳು ಹೇಗೆ ಮುಗಿಯುತ್ತಿದ್ದವು ನೋಡಿ. ಮಜಿಂಗರ್ ಝಡ್‌ನ 92ನೇ ಕಂತಿನಲ್ಲಿ ಹೊಸ ವೈರಿಗಳು ಮಜಿಂಗರನ್ನು ಪುಡಿಗಟ್ಟುತ್ತಾರೆ, ಆಗ ಗ್ರೇಟ್ ಮಜಿಂಗರ್ ಅನ್ನುವ ಹೊಸ ರೋಬೋ ಬಂದು ಕಾಪಾಡುತ್ತದೆ. ಮುಂದಿನ ವಾರದಿಂದ ಆ ಹೊಸ ರೋಬೋದ ಧಾರಾವಾಹಿ. ಎರಡು ವರ್ಷ ಕಾದಿದ ನಾಯಕನ ಅಂತ್ಯ ಮತ್ತೊಂದರ ಜಾಹೀರಾತಾಯಿತು. ತೊಮಿನೊ ಅವರೇ 1977ರಲ್ಲಿ ಮಾಡಿದ 23 ಕಂತಿನ ಜಂಬೋಟ್-3ರಲ್ಲಿ ನಾಯಕನ ಮನೆಯವರಲ್ಲಿ ಬಹುಪಾಲು ಸತ್ತೇಹೋಗುತ್ತಾರೆ, ಯಾರಿಗಾಗಿ ಹೋರಾಡಿದೆ, ಯಾರಾದರೂ ನಿನಗೆ ಕೃತಜ್ಞತೆ ಹೇಳಿದರಾ ಅಂತ ವೈರಿ ಯಂತ್ರವೇ ಕೇಳುತ್ತದೆ.

ಗಂಡಮ್‌ನ 43ರಲ್ಲಿ ರೋಬೋ ತಲೆಯೂ ತೋಳೂ ಕಳೆದುಕೊಂಡು, ಒಳಗೆ ಯಾರೂ ಇಲ್ಲದೆ, ನೆಟ್ಟಗೆ ಮೇಲಕ್ಕೆ ಕೊನೆಯ ಗುಂಡು ಹಾರಿಸಿ ಕುಸಿಯುತ್ತದೆ. ಆಮೇಲೆ ಅಮುರೊ ಅದರ ಹತ್ತಿರ ಮರಳಿ, ಎದೆಯಲ್ಲಿದ್ದ ಪುಟ್ಟ ವಿಮಾನದಲ್ಲಿ ಹೊರಬೀಳುತ್ತಾನೆ. ಮನಸ್ಸಿನಿಂದಲೇ ಕೂಗಿ ಕೂಗಿ ಉಳಿದವರನ್ನು ಹಡಗಿನಿಂದ ಪಾರುಮಾಡುತ್ತಾನೆ, ತನಗೇ ದಾರಿ ಸಿಗುವುದಿಲ್ಲ. ಆಗ ಹಡಗಿನ ಮೂರು ಚಿಕ್ಕ ಮಕ್ಕಳು ಅವನಿಗೆ ದಿಕ್ಕು ಹೇಳುತ್ತಾರೆ. ಕೊನೆಗೆ ಆ ವಿಮಾನವನ್ನೂ ಬಿಟ್ಟು, ಬರೀ ಅಂತರಿಕ್ಷ ಉಡುಪಿನಲ್ಲಿ ತೇಲಿ ಗೆಳೆಯರಿದ್ದ ದೋಣಿಯ ಕಡೆ ಬರುತ್ತಾನೆ. ಮರಳಿ ಹೋಗಲು ನನಗಿನ್ನೂ ಒಂದು ಜಾಗ ಇದೆ, ಇದಕ್ಕಿಂತ ಸಂತೋಷ ಬೇರೆ ಇಲ್ಲ ಅನ್ನುತ್ತಾನೆ. ನಿನಗೆ ಕಾಯಲು ಯಾರೂ ಇಲ್ಲ ಅಂದಿದ್ದಳಲ್ಲ ಲಾಲಾ, ಅವಳಿಗೆ ಇವನು ಕೊಟ್ಟ ಉತ್ತರ ಅದು.

ಕೊನೆಯ ಎರಡು ನಿಮಿಷವನ್ನು ಇನ್ನೊಮ್ಮೆ ಹಾಕಿ, ಆಟಿಕೆ ಅಂಗಡಿಯಲ್ಲಿ ಮಾರುತ್ತಿದ್ದ ವಸ್ತುಗಳಲ್ಲಿ ಯಾವುದು ಪರದೆಯ ಮೇಲೆ ಉಳಿದಿದೆ ಅಂತ ಹುಡುಕಿ. ರೋಬೋ ಇಲ್ಲ, ವಿಮಾನ ಇಲ್ಲ, ವೈಟ್ ಬೇಸ್ ಹಡಗೂ ಸುಟ್ಟುಹೋಗಿದೆ. ದೋಣಿಯಲ್ಲಿ ಕೈಚಾಚಿದ ಜನ ಇದ್ದಾರೆ.